ಶಿವಯೋಗಪ್ಪ ಮೇಷ್ಟ್ರ ಕಣ್ಣು

ಸೊಲ್ಲಾಪುರ
4 ಮಾರ್ಚ್ 2024

ಗುರುಶಾಂತಣ್ಣನಿಗೆ ವಾಣಿಶ್ರೀಯ ನಮಸ್ಕಾರ.

ಮೊಬೈಲು ಕೈಯಲ್ಲಿಟ್ಟುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎನ್ನಬೇಡ. ನಿನಗೆ ಫೋನು ಹಚ್ಚಿ ನೋಡಿದೆ. ನೀನು "ಯವ್ವಾ ವಾಣಿ" ಎಂದ ಕೂಡಲೇ ಅಳು ಬಂತು, ಇಟ್ಟುಬಿಟ್ಟೆ. ಬರೆಯುವುದಾದರೆ ಅತ್ತುಕೊಂಡೂ ಬರೆಯಬಹುದು.

ಅಪ್ಪ ವಾರಕ್ಕೊಂದು ಕಾಗದ ಹಾಕುತ್ತಿದ್ದುದು ನಿನಗೆ ಗೊತ್ತೇ ಇದೆ. ಫೋನಿನಲ್ಲಿ ಆಡಿದ್ದನ್ನೇ ಮತ್ತೆ ಬರೆದು ಕಳಿಸುತ್ತಿದ್ದರು. ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬರುವ ಅಂಚೆಯವನು ಮೊನ್ನೆ ಕೇಳಿದ, "ಯಾಕ್ರೀ ಅಕ್ಕಾರ, ಅಪ್ಪಾರ ಪತ್ರ ಬರವಲ್ದು?" ಊರಿಗೆ ಹೋಗಿದ್ದಾರೆ ಎಂದೆ. ಯಾವ ಊರಿಗೆ ಎಂದು ಅವನು ಕೇಳಲಿಲ್ಲ, ಪುಣ್ಯ.

ಆ ದಿನ ನಾನು ಕಾರಿನಿಂದ ಇಳಿದಾಗ ಹೊತ್ತು ಮುಳುಗುತ್ತಿತ್ತು. ಅಪ್ಪನನ್ನು ಕೂರಿಸಿ ಹಣೆಗೆ ವಿಭೂತಿ ಬಳಿದಿದ್ದರು. ಅಷ್ಟು ಜನ, ಭಜನೆ, ನೀನು ಹಾಕಿಸಿದ ಅಷ್ಟು ದೊಡ್ಡ ಶಾಮಿಯಾನ. ನಾನು ನಿನ್ನ ತೋಳು ಹಿಡಿದು ಒಂದೇ ಮಾತು ಕೇಳಿದೆ, "ಅಣ್ಣಾ, ಅಪ್ಪನ ಕಣ್ಣು ಕೊಟ್ರಿ?" ನೀನು "ಆತವ್ವಾ, ಎಲ್ಲಾ ಆತು" ಅಂದೆ. ಆ ಮಾತು ಹಿಡಿದುಕೊಂಡೇ ಇಷ್ಟು ದಿನ ಕಳೆದಿದ್ದೇನೆ.

ಕಣ್ಣು ತೆಗೆದುಕೊಳ್ಳಲು ಆಸ್ಪತ್ರೆಯಿಂದ ಯಾರು ಬಂದಿದ್ದರು? ಅಪ್ಪನಿಗೆ ಮಗನಂತಿದ್ದ ಶಿಷ್ಯ ನೀನು, ಆಗ ಅವರ ಹತ್ತಿರ ನಿಂತವನು ನೀನೇ ಅಲ್ಲವೇ? ಎಲ್ಲ ನಿಧಾನವಾಗಿ ಬರೆ. ಅವಸರವೇನಿಲ್ಲ.

ನಿನ್ನ ತಂಗಿ
ವಾಣಿಶ್ರೀ


ಕೊಟ್ಟೂರು
18 ಮಾರ್ಚ್ 2024
(ಅಂಚೆಗೆ ಹಾಕಲಿಲ್ಲ)

ತಂಗಿ ವಾಣಿಶ್ರೀಗೆ,

ನಾನು "ಆತು" ಅಂದದ್ದು ಸುಳ್ಳು. ಆಸ್ಪತ್ರೆಯಿಂದ ಯಾರೂ ಬರಲಿಲ್ಲ. ಯಾರೂ ಕರೆಯಲಿಲ್ಲ, ಹಾಗಾಗಿ ಬರಲಿಲ್ಲ. ಸುತ್ತಲ ಊರುಗಳಲ್ಲಿ ಸತ್ತವರ ಮನೆ ಮನೆಗೆ ಹೋಗಿ ಕಣ್ಣುದಾನ ಮಾಡಿಸಿದ ಮನುಷ್ಯನ ಕಣ್ಣು ಮಣ್ಣಿಗೆ ಹೋದವು. ಕರೆಯಬೇಕಾದವನು ನಾನೇ. ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆನೆಂದರೆ


ಕೊಟ್ಟೂರು
19 ಮಾರ್ಚ್ 2024

ತಂಗಿ ವಾಣಿಶ್ರೀಗೆ ಗುರುಶಾಂತನ ಆಶೀರ್ವಾದ.

ನಿನ್ನ ಕಾಗದ ಬಂತು. ಉತ್ತರ ತಡವಾಯಿತು. ಇದು ಮದುವೆಗಳ ಕಾಲ, ನನ್ನ ಶಾಮಿಯಾನ, ಕುರ್ಚಿ, ಮೈಕು ಒಂದೂರಲ್ಲಿ ಇಳಿಯುವುದರೊಳಗೆ ಇನ್ನೊಂದೂರಿಗೆ ಏರುತ್ತಿವೆ.

ಮೇಷ್ಟ್ರ ಬಗ್ಗೆ ಏನು ಬರೆಯಲಿ? ನನಗೆ ಗಣಿತ ಕಲಿಸಲು ಹೋಗಿ ಸೋತವರು ಅವರು. "ಲೇ ಗುರ್ಯಾ, ನಿನಗ ಲೆಕ್ಕ ಬರಂಗಿಲ್ಲ, ಆದ್ರ ನಿನ್ನ ಸುತ್ತ ಜನ ಕೂಡ್ತಾರ. ಜನ ಕೂಡೋ ಧಂದೆ ಮಾಡು" ಎಂದು ಶಾಮಿಯಾನದ ದಾರಿ ತೋರಿಸಿದವರೂ ಅವರೇ. ನಿವೃತ್ತರಾದ ಮೇಲೆ ಅವರಿಗೆ ನನ್ನ ಧಂದೆಯೇ ಬೇಕಾಯಿತು ನೋಡು. ಯಾರಾದರೂ ತೀರಿಕೊಂಡರೆ ಬೀಗರಿಗಿಂತ ಮೊದಲು ಸುದ್ದಿ ಮುಟ್ಟುವುದು ಶಾಮಿಯಾನದವನಿಗೆ. ನಾನು ಅವರಿಗೆ ಮುಟ್ಟಿಸುತ್ತಿದ್ದೆ. ನನ್ನ ಸಾಮಾನು ಸಾಗಿಸುವ ಅಸದುಲ್ಲಾನ ಟೆಂಪೊದಲ್ಲಿ ಕುರ್ಚಿಗಳ ಜೊತೆ ಅವರೂ ಏರುತ್ತಿದ್ದರು. "ನೀ ಕುರ್ಚಿ ಇಳಸು, ನಾ ಕಣ್ಣು ಕೇಳ್ತೀನಿ." ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಯಾವ ದಾರಿಯನ್ನೂ ಬಿಡಲಿಲ್ಲ.

ಹೋದ ಮನೆಯಲ್ಲಿ ಮೊದಲು ಫ್ಯಾನು ಬಂದ್ ಮಾಡಿಸುವರು, ಗಾಳಿಗೆ ಕಣ್ಣು ಒಣಗುತ್ತದೆಂದು. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿಸುವರು. ಆರು ತಾಸು ಮೀರಿದರೆ ಕಣ್ಣು ಕೆಲಸಕ್ಕೆ ಬಾರದು ಎಂದು ತಿಳಿಸಿ ಹೇಳುವರು. ಕೇಳುವುದು ಮಾತ್ರ ಮನೆಯ ಹಿರಿಯ ಹೆಂಗಸನ್ನು. "ಗಂಡಸರು ಯೋಚನಿ ಮಾಡ್ತಾರ, ಹೆಣ್ಮಕ್ಕಳು ಕೊಡ್ತಾರ" ಎನ್ನುವುದು ಅವರ ಲೆಕ್ಕ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂದು ಯಾರಾದರೂ ಅಂದರೆ, "ಹಂಗಾದ್ರ ಈಗ ಕುರುಡು ಇರೋರೆಲ್ಲ ಹಿಂದಿನ ಜನ್ಮದಾಗ ದಾನ ಮಾಡಿದೋರು ಅಂದಂಗಾತು. ಭಾಳ ದೊಡ್ಡೋರು ಬಿಡ್ರಿ, ಕಾಲು ಬೀಳ್ರಿ ಅವರಿಗೆ" ಎನ್ನುವರು. ಅಳುವ ಮನೆಯಲ್ಲೂ ಯಾರೋ ಒಬ್ಬರು ನಕ್ಕುಬಿಡುತ್ತಿದ್ದರು. ಹಿಂದಿನಿಂದ "ಹದ್ದು ಮೇಷ್ಟ್ರು" ಎಂದು ಆಡಿಕೊಂಡವರೂ ಇದ್ದರು. ಅದನ್ನು ನಾನು ಅವರಿಗೆ ಹೇಳಿದಾಗ, "ಹದ್ದು ತಾನು ತಿಂತೈತಿ. ನಾ ಬ್ಯಾರೇರಿಗೆ ಒಯ್ತೀನಿ, ಅಷ್ಟ ಫರಕು" ಅಂದರು.

ಇದೆಲ್ಲ ಬಾಗಳಿಯ ಹುಲುಗಮ್ಮನಿಂದ ಶುರುವಾದದ್ದು, ನಿನಗೆ ಗೊತ್ತಿರಬೇಕು. ಜೋಳದ ಗರಿ ಹೊಡೆದು ಕಣ್ಣಲ್ಲಿ ಬಿಳಿ ಬಿದ್ದು, "ಬೋರ್ಡು ಕಾಣವಲ್ದು ಸರ್" ಎಂದು ಶಾಲೆ ಬಿಟ್ಟ ಹುಡುಗಿ. ಅವಳನ್ನು ತಡೆಯಲಾಗಲಿಲ್ಲವೆಂದು ಮೇಷ್ಟ್ರು ಎಷ್ಟೋ ವರ್ಷ ಕೊರಗಿದರು. ಕೊನೆಗೆ ತಾವೇ ಕರೆದೊಯ್ದು ಯಾರದೋ ಕಣ್ಣು ಹಾಕಿಸಿದರು. ಪಟ್ಟಿ ಬಿಚ್ಚಿದಾಗ ಅವಳು ಅಂದದ್ದೇನು ಗೊತ್ತೇ? "ಅಯ್ಯ ಸರ್, ನೀವು ಇಷ್ಟು ಮುದುಕ್ರಾಗೀರಿ?"

ನೀನು ಕೇಳಿದ್ದಕ್ಕೆ. ಆಸ್ಪತ್ರೆಯ ವ್ಯಾನು ಬಂದಿತ್ತು. ಬೇಗ ಮುಗಿಯಿತು. ನಾನು ಹತ್ತಿರವೇ ಇದ್ದೆ. ಯಾರಿಗೆ ಹಾಕಿದರೆಂದು ಅವರು ಹೇಳುವುದಿಲ್ಲ, ನಿಯಮ ಹಾಗಿದೆ. ನೀನೂ ಕೇಳಲು ಹೋಗಬೇಡ.

ಇಂತಿ ನಿನ್ನ ಅಣ್ಣ
ಗುರುಶಾಂತ


ಸೊಲ್ಲಾಪುರ
2 ಜೂನ್ 2024

ಗುರುಶಾಂತಣ್ಣನಿಗೆ,

ಕೇಳಲು ಹೋಗುವುದಿಲ್ಲ. ಗೊತ್ತಿಲ್ಲದಿರುವುದೇ ಚೆನ್ನ ಎನಿಸಿದೆ. ಯಾಕೆ ಹೇಳುತ್ತೇನೆ.

ಇಷ್ಟು ವರ್ಷ ಟಿಕೆಟ್ ಕಿಂಡಿಯಲ್ಲಿ ಕೂತು ನಾನು ಬರೀ ಕೈ ನೋಡಿದ್ದೆ. ಕೈ ಒಳಗೆ ಬರುತ್ತದೆ, ನೋಟು ಇಡುತ್ತದೆ, ಟಿಕೆಟ್ ತೆಗೆದುಕೊಂಡು ಹೊರಗೆ ಹೋಗುತ್ತದೆ. ಈಗ ಬಗ್ಗಿ ಮುಖ ನೋಡುತ್ತೇನೆ, ಕಣ್ಣು ನೋಡುತ್ತೇನೆ. ಹೊಸಪೇಟೆ ಕಡೆಯ ಮಾತಾಡುವವರು ಬಂದರೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಮೊನ್ನೆ ಕಪ್ಪು ಕನ್ನಡಕದ ಅಜ್ಜಿಯೊಬ್ಬಳು ಬಂದಳು. "ಆಯಿ, ಕಣ್ಣಿಗೆ ಏನು ಮಾಡಿಸಿಕೊಂಡೆ, ಎಲ್ಲಿ ಮಾಡಿಸಿಕೊಂಡೆ" ಎಂದು ನಾನು ವಿಚಾರಿಸುತ್ತ ಕೂತರೆ, "ಮೊದಲ ಟಿಕೀಟ ಕೊಡವಾ, ಗಾಡಿ ಹೊಂಟೈತಿ" ಎಂದು ಬೈದಳು. ಹಿಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಪ್ಪ ಹೋದ ಮೇಲೆ ಮೊದಲ ಸಲ.

ನಿನ್ನ ಹತ್ತಿರ ಮುಚ್ಚಿಡುವುದೇನು, ಅಪ್ಪನ ಮೇಲೆ ನನಗೆ ಸಿಟ್ಟಿತ್ತು. ಗುರುತಿಲ್ಲದವರ ಮನೆಗೆ ಕರೆಯದೆ ಹೋಗುತ್ತಿದ್ದವರು ನನ್ನ ಮನೆಗೆ ಕರೆದರೆ "ಈ ವಾರ ಆಗಂಗಿಲ್ಲವ್ವಾ, ಯಾರರ ಹೋದ್ರ ಕೇಳೋರು ಯಾರು?" ಎನ್ನುತ್ತಿದ್ದರು. ಊರಲ್ಲಿ ಸಾಯುವವರಿಗಿದ್ದ ಬೆಲೆ ಬದುಕಿರುವ ಮಗಳಿಗಿರಲಿಲ್ಲ. ಈಗ ಆ ಸಿಟ್ಟು ಇಳಿದಿದೆ. ಅಪ್ಪನ ಕಣ್ಣು ಪಡೆದವರು ಯಾವ ದಿನವಾದರೂ ನನ್ನ ಕಿಂಡಿಯ ಮುಂದೆ ಬಂದು ನಿಂತು ನನ್ನನ್ನು ನೋಡಬಹುದಲ್ಲ. ನಾನು ಗುರುತಿಸದಿದ್ದರೂ ಆ ಕಣ್ಣು ನನ್ನನ್ನು ನೋಡಿ ಹೋಗಿರುತ್ತವೆ.

ಹುಚ್ಚು ಎನ್ನು ಬೇಕಾದರೆ. ಆದರೆ ಅಳು ನಿಂತಿದೆ ಅಣ್ಣಾ. ನಿದ್ದೆ ಬರುತ್ತದೆ. ಇದು ನೀನು ಕೊಟ್ಟದ್ದು, ಮರೆಯುವುದಿಲ್ಲ.

ನಿನ್ನ ತಂಗಿ
ವಾಣಿಶ್ರೀ


ಕೊಟ್ಟೂರು
21 ಜುಲೈ 2024

ತಂಗಿ ವಾಣಿಶ್ರೀಗೆ,

ನಿನ್ನ ಕಾಗದವನ್ನು ಅಂಗಡಿಯ ಗಲ್ಲಾದಲ್ಲಿಟ್ಟಿದ್ದೇನೆ. ಉತ್ತರ ಬರೆಯಲು ಕೂತಾಗೆಲ್ಲ ಯಾವುದೋ ಕೆಲಸ ಬಂತು. ಕೆಲಸ ಬರದಿದ್ದಾಗ ನಾನೇ ತಂದುಕೊಂಡೆ.

ಹೋದ ವಾರ ಚಿಗಟೇರಿಯಲ್ಲೊಂದು ಮನೆಗೆ ಕುರ್ಚಿ ಇಳಿಸಲು ಹೋಗಿದ್ದೆ. ಮೇಷ್ಟ್ರು ಹೋದ ಮೇಲೆ ಕಣ್ಣು ಕೇಳುವ ಕೆಲಸ ನಿಂತೇಹೋಗಿತ್ತು. ನನಗೆ ಬಾಯಿ ಬರುತ್ತಿರಲಿಲ್ಲ. ಅಲ್ಲಿ ಒಳಗೆ ನೋಡಿದರೆ ಫ್ಯಾನು ಬಂದ್, ಸತ್ತವರ ಕಣ್ಣ ಮೇಲೆ ಒದ್ದೆ ಹತ್ತಿ. ಅವರ ತಾಯಿ ನಾಗಲಿಂಗಮ್ಮ, ಹಣ್ಣು ಹಣ್ಣು ಮುದುಕಿ, ನನ್ನನ್ನು ಕಂಡು "ಬಂದ್ಯಾ ತಮ್ಮಾ, ಆ ವ್ಯಾನಿಗೆ ಫೋನ್ ಹಚ್ಚು. ನಿಮ್ಮ ಮೇಷ್ಟ್ರು ತಮ್ಮ ಕಣ್ಣು ಕೊಟ್ಟೇ ಹೋದ್ರಂತ. ಆಡಿದಂಗ ನಡಕೊಂಡ್ರು. ನಾವು ಕೊಡಲಿಲ್ಲಂದ್ರ ಹೆಂಗ?" ಅಂದಳು. ವ್ಯಾನು ಬಂತು, ಒಯ್ದರು.

ಖುಷಿಯಾಗಬೇಕಿತ್ತು. ಮನೆಗೆ ಬಂದವನೇ ಊಟ ಬೇಡವೆಂದು ಮಲಗಿದೆ. ಇಷ್ಟೇ ಬರೆಯಬಲ್ಲೆ.

ಇಂತಿ
ಗುರುಶಾಂತ


ಸೊಲ್ಲಾಪುರ
20 ಆಗಸ್ಟ್ 2024

ಗುರುಶಾಂತಣ್ಣನಿಗೆ,

ಚಿಗಟೇರಿಯ ಸುದ್ದಿ ಓದಿ ಮೈ ಜುಮ್ಮೆಂದಿತು. ನೀನು ಮಲಗಿದ್ದೇಕೆ? ನಿನಗೂ ಅಪ್ಪನ ನೆನಪಾಗಿರಬೇಕು.

ಫೆಬ್ರುವರಿಗೆ ವರ್ಷವಾಗುತ್ತದೆ. ಪುಣ್ಯಸ್ಮರಣೆಗೆ ಬರುತ್ತೇನೆ. ಅಷ್ಟರಲ್ಲಿ ಸಮಾಧಿಗೆ ಒಂದು ಕಲ್ಲು ನಿಲ್ಲಿಸೋಣ. ಕೂಡ್ಲಿಗಿಯಲ್ಲಿ ಕೆತ್ತುವವರು ನಿನಗೆ ಪರಿಚಯ ಎಂದಿದ್ದೆ. ಹೆಸರು, ಇಸವಿ ಹಾಕಿ ಕೆಳಗೆ ಈ ಸಾಲು ಹಾಕಿಸು: "ಬದುಕಿನಲ್ಲಿ ಅಕ್ಷರ ಕೊಟ್ಟರು, ಸಾವಿನಲ್ಲಿ ಕಣ್ಣು ಕೊಟ್ಟರು." ನಾನೇ ಬರೆದದ್ದು. ಚೆನ್ನಾಗಿದೆಯೇ?

ನಿನ್ನ ತಂಗಿ
ವಾಣಿಶ್ರೀ


ಕೊಟ್ಟೂರು
3 ಸೆಪ್ಟೆಂಬರ್ 2024

ವಾಣಿ,

ನಿನ್ನ ಸಾಲು ಜೇಬಿನಲ್ಲಿಟ್ಟುಕೊಂಡು ನಿನ್ನೆ ಕೂಡ್ಲಿಗಿಗೆ ಹೋಗಿದ್ದೆ. ಕೆತ್ತುವ ಗಾದೆಪ್ಪ ಓದಿ, "ಭಾಳ ಚೊಲೋ ಐತ್ರಿ. ಕಲ್ಲಿನ್ಯಾಗ ಕುಂತ ಮಾತು ಮತ್ತ ಏಳಂಗಿಲ್ಲ, ಇನ್ನೊಂದ್ಸಲ ನೋಡಿ ಹೇಳ್ರಿ" ಅಂದ. ಎಲ್ಲರಿಗೂ ಹೇಳುವ ಮಾತೇ ಅದು. ನಾನು ಚೀಟಿ ಕಿತ್ತುಕೊಂಡು ಬಸ್ಸು ಹತ್ತಿದೆ.

ಅಪ್ಪನ ಕಣ್ಣು ಕೊಡಲಿಲ್ಲ ವಾಣಿ. ವ್ಯಾನು ಬರಲಿಲ್ಲ. ನಾನು ಬರೆದದ್ದೆಲ್ಲ ಸುಳ್ಳು.

ಆ ಬೆಳಿಗ್ಗೆ ಪಕ್ಕದ ಮನೆಯವರು ಕರೆದರು. ಓಡಿ ಬಂದೆ. ಮೇಷ್ಟ್ರು ಕುರ್ಚಿಯಲ್ಲಿ ಹಾಗೇ ಒರಗಿದ್ದರು, ತೊಡೆಯ ಮೇಲೆ ಪೇಪರು. ನಿನಗೆ ಫೋನು ಮಾಡಿದೆ. ಆಮೇಲೆ ನನ್ನ ತಲೆಯಲ್ಲಿ ಒಂದೇ ಮಾತು ಕೂತಿತು. ಊರಿನ ಹೆಣಕ್ಕೆಲ್ಲ ನೆರಳು ಹಾಕಿದವನು ನಾನು, ನನ್ನ ಮೇಷ್ಟ್ರಿಗೆ ಯಾರಿಗೂ ಹಾಕದಂಥ ನೆರಳು ಹಾಕಬೇಕು. ಮದುವೆಯ ದೊಡ್ಡ ಶಾಮಿಯಾನ ತರಿಸಿದೆ. ಇದಲ್ಲ, ಝಾಲರಿನದು ತಾ ಎಂದು ಅಸದುಲ್ಲಾನನ್ನು ಗೋದಾಮಿಗೆ ತಿರುಗಿ ಕಳಿಸಿದೆ. ಮುಖ ಬಾಡಬಾರದೆಂದು ಎರಡೂ ಕಡೆ ನಿಲ್ಲುವ ಫ್ಯಾನು ಇಡಿಸಿದೆ. ಕೇಳಿಸಿತೇ? ಪ್ರತಿ ಮನೆಯಲ್ಲಿ ಅವರು ಮೊದಲು ಬಂದ್ ಮಾಡಿಸುತ್ತಿದ್ದ ಫ್ಯಾನನ್ನು ನಾನೇ ಅವರ ಮುಖಕ್ಕೆ ತಿರುಗಿಸಿ ಜೋರು ಮಾಡಿದೆ.

ಬಂದವರೆಲ್ಲ ಅವರ ಕಣ್ಣುದಾನದ ಮಾತನ್ನೇ ಆಡುತ್ತಿದ್ದರು. ಹಾಗಾಗಿ ಯಾರೋ ಕರೆದಿರುತ್ತಾರೆ ಎಂದು ಎಲ್ಲರಿಗೂ ಅನಿಸಿತು. ಅಸದುಲ್ಲಾ ಹಗ್ಗ ಬಿಗಿಯುತ್ತ ಕೇಳಿದ, "ಅಣ್ಣಾ, ವ್ಯಾನಿಗೆ ಹೇಳೀರಿಲ್ಲ?" ನಾನು "ಯಾರರ ಹೇಳಿರ್ತಾರ ಬಿಡಲೇ, ಲೀಡರ್ ಸಾಹೇಬ್ರು ಹಾರ ತರಾಕತ್ಯಾರ, ದಾರಿ ಬಿಡಸು" ಅಂದೆ. ಹಾರ ಬಂತು, ಫೋಟೊ ತೆಗೆದರು. ನೆನಪಾಗಿ ಆಸ್ಪತ್ರೆಗೆ ಫೋನು ಹಚ್ಚಿದಾಗ ಅವರು ಎಷ್ಟು ಹೊತ್ತಿಗೆ ತೀರಿಕೊಂಡರು ಎಂದು ಕೇಳಿದರು. ಹೇಳಿದೆ. "ಹೊತ್ತು ಮೀರಿತಲ್ರೀ" ಅಂದರು. "ಮೇಷ್ಟ್ರು ಇಲ್ವೇನ್ರಿ ಅಲ್ಲಿ? ಅವರಿದ್ರ ಹಿಂಗ ತಡ ಮಾಡ್ತಿದ್ದಿಲ್ಲ" ಅಂದರು. ಸತ್ತವರು ಅವರೇ ಎಂದು ಹೇಳದೆ ಫೋನು ಇಟ್ಟೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ಸಂಜೆ ನೀನು ಬಂದು ಕೇಳಿದೆ. ನಿನ್ನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಹುಲುಗಮ್ಮ ಹತ್ತಿರವೇ ನಿಂತಿದ್ದಳು. ನನ್ನ ಮಾತು ಕೇಳಿ ಅವಳು ಕೈ ಮುಗಿದಳು. ಹಿಂದಿದ್ದವರೂ ಕೇಳಿಸಿಕೊಂಡರು. ನುಡಿನಮನದ ದಿನ ಅದು ಮೈಕಿನಲ್ಲಿ ಊರಿಗೆಲ್ಲ ಹೋಯಿತು, ನನ್ನದೇ ಮೈಕು. ನಿಜ ಬಲ್ಲವನು ಅಸದುಲ್ಲಾ ಒಬ್ಬನೇ. ಚಿಗಟೇರಿಯಿಂದ ಬರುವಾಗ ಅವನು ಅಂದ, "ಅಣ್ಣಾ, ಊರಿಗೆ ಹೇಳಿದ್ದು ಇರಲಿ. ಆ ಹೆಣ್ಣುಮಗಳಿಗೆ ಹೇಳಿದ್ದು ಮಾತ್ರ ಗುನ್ಹಾ." ನಿನ್ನ ಕಿಂಡಿಯ ಕಾಗದ ಬಂದಂದಿನಿಂದ ನನಗೆ ಅದು ಗೊತ್ತು. ನಿಜ ಹೇಳಿದರೆ ನಿನ್ನ ಅಪ್ಪನನ್ನು ಇನ್ನೊಮ್ಮೆ ಮಣ್ಣು ಮಾಡಿದ ಹಾಗೆ ಎಂದು ಸುಮ್ಮನಿದ್ದೆ. ಅದೂ ನನ್ನ ಅನುಕೂಲಕ್ಕೇ.

ಕ್ಷಮಿಸು ಎಂದು ಕೇಳಲು ಮುಖವಿಲ್ಲ.

ಗುರುಶಾಂತ


ಕೊಟ್ಟೂರು
10 ನವೆಂಬರ್ 2024

ವಾಣಿ,

ನಿನ್ನಿಂದ ಕಾಗದವಿಲ್ಲ. ಇರಲಿ. ಬೈದಾದರೂ ಬರೆಯಬಾರದೇ ಎನಿಸುತ್ತದೆ, ಆದರೆ ಅದನ್ನು ಕೇಳುವ ಹಕ್ಕೂ ನನಗಿಲ್ಲ. ಇದನ್ನು ನಿನಗಲ್ಲದೆ ಯಾರಿಗೂ ಹೇಳಲಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಹೊಸಹಳ್ಳಿಯಲ್ಲಿ ಯರ್ರೆಪ್ಪ ಎಂಬ ಹಿರಿಯರು ತೀರಿಕೊಂಡರು. ಕುರ್ಚಿ ಇಳಿಸುವುದನ್ನು ಅಸದುಲ್ಲಾನಿಗೆ ಬಿಟ್ಟು ನಾನು ಒಳಗೆ ಹೋದೆ. ಜೀವನದಲ್ಲಿ ಮೊದಲ ಸಲ ಕಣ್ಣು ಕೇಳಿದೆ. ಅವರ ಮಗ ಚೌಡಣ್ಣ ಒಪ್ಪಿಯೇಬಿಟ್ಟಿದ್ದ. "ಕೊಡೋಣು ತಗೋರಿ. ಶಿವಯೋಗಪ್ಪ ಮೇಷ್ಟ್ರೇ ಕೊಟ್ಟಾರಂದ ಮ್ಯಾಲ ನಮ್ಮದೇನು?"

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾಲಿಗೆ ಸುಮ್ಮನಿರಲಿಲ್ಲ. "ಇಲ್ಲಪ್ಪಾ, ಅವರದು ಕೊಡಾಕ ಆಗಲಿಲ್ಲ. ತಪ್ಪು ನಂದು" ಎಂದೆ. ಚೌಡಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರ ಮೇಷ್ಟ್ರ ಕಣ್ಣೇ ಕೊಡಲಿಲ್ಲೇನು? ಊರಿಗೆಲ್ಲ ಹೇಳಿ ತಮ್ಮ ಮನ್ಯಾಗ ಮುಚ್ಚಿಟ್ಟುಕೊಂಡ್ರು ಅನ್ರಿ. ನಡೀರಿ ಹೊರಗ" ಅಂದ. ತಲೆ ತಗ್ಗಿಸಿಕೊಂಡು ಬಂದೆ. ಸಂಜೆ ಮಣ್ಣು ಮಾಡಿದರು.

ನನ್ನ ತಪ್ಪಿಗೆ ಈಗ ಮೇಷ್ಟ್ರ ಮೇಲೆ ಮಾತು ಬಂತು. ಸುಳ್ಳು ಹೇಳಿದಾಗ ಚಿಗಟೇರಿಯಲ್ಲಿ ಕಣ್ಣು ಸಿಕ್ಕವು, ನಿಜ ಹೇಳಿದಾಗ ಹೊಸಹಳ್ಳಿಯಲ್ಲಿ ಮಣ್ಣು ಪಾಲಾದವು. ಮುಂದಿನ ಮನೆಯಲ್ಲಿ ಏನು ಹೇಳಲಿ? ನೀನು ಹೇಳಿದಂತೆ ಮಾಡುತ್ತೇನೆ.

ಗುರುಶಾಂತ


ಸೊಲ್ಲಾಪುರ
6 ಡಿಸೆಂಬರ್ 2024

ಗುರುಶಾಂತಣ್ಣನಿಗೆ,

ಇಷ್ಟು ದಿನ ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ಸಿಟ್ಟು ಹಿತವಾಗಿತ್ತು. ಕಿಂಡಿಯಲ್ಲಿ ಮತ್ತೆ ಬರೀ ಕೈ ನೋಡುತ್ತ ಟಿಕೆಟ್ ಕೊಟ್ಟೆ. ನಿನಗೆ ಬರೆಯಲು ಬೈಗುಳ ಹುಡುಕುತ್ತಿದ್ದೆ. ಒಂದೊಂದೂ ಸುತ್ತಿ ಬಂದು ನನಗೇ ತಗಲುತ್ತಿತ್ತು.

ನೀನು ಫೋನು ಮಾಡಿದಾಗ ಅಪ್ಪ ಹೋಗಿ ಅರ್ಧ ತಾಸೂ ಆಗಿರಲಿಲ್ಲ. ನಾನು ಅವರ ಒಬ್ಬಳೇ ಮಗಳು. ವ್ಯಾನು ಬಂದಿದ್ದರೂ ಅವರು ಒಪ್ಪಿಗೆ ಕೇಳುತ್ತಿದ್ದುದು ನನ್ನನ್ನು, ನಿನ್ನನ್ನಲ್ಲ. ಅಪ್ಪ ನನಗೆ ಎಷ್ಟು ಸಲ ಹೇಳಿದ್ದರು, "ನಾ ಹೋದ ಸುದ್ದಿ ಬಂದ್ರ ಮೊದಲು ಆಸ್ಪತ್ರಿಗೆ ಫೋನ್ ಹಚ್ಚಬೇಕು, ಆಮ್ಯಾಲ ಅಳಬೇಕು. ಅಳಾಕ ಜಲ್ಮೆಲ್ಲ ಐತಿ." ನಾನು ನಿನಗೆ ಹೇಳಿದ್ದು ಒಂದೇ, "ನಾ ಬರತನಕ ಮಣ್ಣು ಮಾಡಬ್ಯಾಡ್ರಿ."

ವಿಜಯಪುರ ದಾಟುವಾಗ ಕಣ್ಣಿನ ಮಾತು ನೆನಪಾಯಿತು ಅಣ್ಣಾ. ಆಗ ಇನ್ನೂ ಹೊತ್ತಿತ್ತು. ಫೋನು ಕೈಯಲ್ಲೇ ಇತ್ತು. ನಿನ್ನ ಹೆಸರು ತೆಗೆದೂ ನೋಡಿದೆ, ಹಚ್ಚಲಿಲ್ಲ. ನೀನು ಮಾಡಿಸಿಯೇ ಇರುತ್ತೀ ಎಂದುಕೊಂಡೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನಾನು ಹೋಗುವ ಹೊತ್ತಿಗೆ ಅಪ್ಪನನ್ನು ಯಾರೂ ಮುಟ್ಟಿರಬಾರದು, ಇದ್ದ ಹಾಗೇ ಇಡಿಯಾಗಿ ನನಗೊಮ್ಮೆ ಸಿಗಬೇಕು ಎನಿಸಿತು. ಜೀವ ಇರುವ ತನಕ ಊರವರೇ ಹಂಚಿಕೊಂಡಿದ್ದರು, ಇದೊಂದು ದಿನ ನನ್ನ ಪಾಲಿಗಿರಲಿ ಎಂದುಕೊಂಡೆ. ಹೊತ್ತು ಮೀರಿದ ಮೇಲೆ ಇಳಿದು ನಿನ್ನನ್ನು ಕೇಳಿದೆ. ನೀನು "ಆತು" ಎಂದಾಗ ನನ್ನ ತಪ್ಪೂ ಅಲ್ಲಿಗೆ ತೀರಿಹೋಯಿತು ಎಂದು ನಂಬಿದೆ. ನಿನ್ನ ಸುಳ್ಳು ನನಗೇ ಹೆಚ್ಚು ಬೇಕಾಗಿತ್ತು.

ಫೆಬ್ರುವರಿಗೆ ಬರುತ್ತೇನೆ. ಕಲ್ಲಿನ ಮೇಲೆ ಹೆಸರು, ಇಸವಿ ಸಾಕು. ಹುಲುಗಮ್ಮನಿಗೆ ನಾನೇ ಹೇಳುತ್ತೇನೆ, ನೀನು ಜೊತೆಗೆ ಬಾ.

ಮುಂದಿನ ಮನೆಯಲ್ಲಿ ಏನು ಹೇಳಲಿ ಎಂದು ಕೇಳಿದ್ದೀಯ. "ಮೇಷ್ಟ್ರೇ ಕೊಡಲಿಲ್ಲ" ಎಂದು ಯಾರಾದರೂ ಅಂದರೆ ತಲೆ ತಗ್ಗಿಸಿ ಎದ್ದು ಬರಬೇಡ. ಮೇಷ್ಟ್ರು ಕೊಡಬೇಕೆಂದೇ ಇದ್ದರು, ಮಗಳು ಬಿಡಲಿಲ್ಲ ಎಂದು ಹೇಳು. ಹೊತ್ತಿದ್ದಾಗಲೇ ಅವಳಿಗೆ ನೆನಪಾಗಿತ್ತು, ಆದರೂ ಬಾಯಿ ಬಿಡಲಿಲ್ಲ, ಈಗ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದಾಳೆ ಎಂದು ಹೇಳು. ನನ್ನ ಹೆಸರು ಹಿಡಿದೇ ಹೇಳು, ಸಂಕೋಚ ಬೇಡ. ಆಮೇಲೆ ಅವರನ್ನು ಕೇಳು.

ನಿನ್ನ ತಂಗಿ
ವಾಣಿಶ್ರೀ